ಕೆಂಪು ಕಮಾನಿನ ಹೆಲ್ಮೆಟ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಯುದ್ಧಕಾಲದ ಹಳೆಯ ಫೋಟೋ ಒಂದನ್ನು ಮುಂದಿಟ್ಟು, ಸೈನಿಕನ ಹೆಲ್ಮೆಟ್ಟಿನ ಮೇಲೆ ಬರೆದ ಗುರುತು ಯಾವ ದಳದ್ದು ಎಂದು ಕೇಳಿದರೆ, ಎದೆ ತಟ್ಟಿ ಹೇಳುವವರು ಈ ಊರಿನಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಕೂತು ತಲೆಗೂದಲು ನೆರೆಯುವಷ್ಟು ಕಾಲದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮುಖಗಳನ್ನು ನಾನು ನೋಡುವುದೇ ಇಲ್ಲ. ಗುರುತು ಹಾಕದ ಹೆಲ್ಮೆಟ್ಟಿನಲ್ಲಿ ತಾನು ಸ್ಕೂಟರ್ ಮೇಲೆ ಮನೆಗೆ ಬಂದರೆ ಇವಳು ಬಾಗಿಲು ತೆಗೆಯುವುದಿಲ್ಲ ಎಂದು ನನ್ನ ಗಂಡ ನೆಂಟರನ್ನೆಲ್ಲ ನಗಿಸುತ್ತಾನೆ.

ಆವತ್ತು ಬಂದವರು ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಗಿಡ್ಡ ಆಳು, ಎಪ್ಪತ್ತು ದಾಟಿದ ವಯಸ್ಸು. ಜೊತೆಯಲ್ಲಿ ಮಗಳು. ಎರಡು ರಟ್ಟುಗಳ ನಡುವೆ ಇಟ್ಟು ತಂದಿದ್ದ ಫೋಟೋವನ್ನು ಅವರು ಮೇಜಿನ ಮೇಲೆ ಇಡುವುದಕ್ಕೆ ಮೊದಲು ಅಂಗಿಯ ತೋಳಿನಿಂದ ಮೇಜು ಒರೆಸಿದರು. ಒಂದು ಲಾರಿಯ ಮುಂದೆ ಹೆಲ್ಮೆಟ್ ಹಾಕಿಕೊಂಡ ಐದು ಜನ ಸೈನಿಕರು ನಿಂತಿದ್ದ ಫೋಟೋ ಅದು. ಅವರಲ್ಲಿ ಒಬ್ಬರು ಈ ಕಂಡಕ್ಟರರ ಅಪ್ಪ. ಯಾರು ಎನ್ನುವುದು ಗೊತ್ತಿಲ್ಲ.

ಮಗಳು ವಿಷಯ ಬಿಡಿಸಿ ಹೇಳಿದಳು. ಇವರು ಹುಟ್ಟುವ ಮೊದಲೇ ಅಪ್ಪ ಯುದ್ಧಕ್ಕೆ ಹೋಗಿ ಅಲ್ಲೇ ತೀರಿಕೊಂಡಿದ್ದರು. ಇವರಿಗೆ ಮಾತು ಬರುವ ಮೊದಲೇ ಅಮ್ಮನೂ ಹೋದರು. ಸಾಕಿದ ದೊಡ್ಡಮ್ಮ ತಂಗಿಯ ಗಂಡನನ್ನು ಒಮ್ಮೆಯೂ ಕಂಡವರಲ್ಲ. ನಿನ್ನ ಅಪ್ಪ ಇದರಲ್ಲಿದ್ದಾರೆ, ಸೇತುವೆ ಕಟ್ಟುವ ದಳದವರು ಎಂದಷ್ಟೇ ಹೇಳಿ ಫೋಟೋವನ್ನು ಇವರ ಕೈಗೆ ಕೊಟ್ಟಿದ್ದರು. ಹುಡುಗನಾಗಿದ್ದಾಗಲೇ ಇವರು ನಡುವೆ ನಿಂತ ಎತ್ತರದ ಆಳನ್ನು ಅಪ್ಪ ಎಂದು ಆರಿಸಿಕೊಂಡುಬಿಟ್ಟರು. ಪರೀಕ್ಷೆ ಪಾಸಾದದ್ದು, ಕೆಲಸ ಸಿಕ್ಕಿದ್ದು, ಮಗಳು ಹುಟ್ಟಿದ್ದು ಎಲ್ಲವನ್ನೂ ಅವನಿಗೇ ಹೇಳಿದರು. ಈಗ ವಯಸ್ಸಾದ ಮೇಲೆ ಅನುಮಾನದ ಹುಳು ಹೊಕ್ಕಿದೆ.

"ಕಣ್ಣು ಮುಚ್ಚೋ ಮೊದಲು ಗೊತ್ತಾಗಿಬಿಡಲಿ ಮೇಡಂ. ಇವರಲ್ಲ ಅಂದ್ರೂ ಪರವಾಗಿಲ್ಲ," ಎಂದರು ಕಂಡಕ್ಟರ್. ಪರವಾಗಿಲ್ಲ ಎನ್ನುವಾಗಲೂ ಅವರ ಬೆರಳು ಎತ್ತರದವನ ಮೇಲೆಯೇ ಇತ್ತು.

ಇಂಥದ್ದೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಭೂತಗನ್ನಡಿ ಹಿಡಿದು ಹೆಲ್ಮೆಟ್ಟುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ನಾಲ್ಕರ ಮೇಲೆ ಚಕ್ರವಿತ್ತು. ಅದು ಲಾರಿ ದಳದ ಗುರುತು. ಐದನೆಯದರ ಮೇಲೆ ಕಮಾನು. ಫೋಟೋದಲ್ಲಿ ಅದು ಕಪ್ಪಾಗಿ ಕಾಣುತ್ತಿತ್ತು, ಆದರೆ ಆ ಕಾಲದ ಬಹಳಷ್ಟು ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿಯೇ ಮೂಡುತ್ತಿತ್ತು. ಹಾಗಾಗಿ ಇದು ಕೆಂಪು ಕಮಾನು, ಸೇತುವೆ ದಳದ್ದು, ಬೇರೆ ಮಾತೇ ಇಲ್ಲ. ಆ ಹೆಲ್ಮೆಟ್ ಇದ್ದದ್ದು ನಡುವಿನ ಎತ್ತರದವನ ತಲೆಯ ಮೇಲೆ.

"ನೀವು ಆರಿಸಿದ್ದು ಸರಿಯಾಗೇ ಇದೆ ಯಜಮಾನ್ರೇ," ಎಂದೆ.

ಮುದುಕರ ಮುಖ ಅರಳಿತು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಹೊಟ್ಟೆ ತಣ್ಣಗಾಯಿತು. ರಟ್ಟು ಮುಚ್ಚುವ ಮೊದಲು ಅವರು ಸುಮ್ಮನೆ ಒಂದು ಮಾತು ಕೇಳಿದರು. ಮಿಕ್ಕವರು ಯಾಕೆ ಕ್ಯಾಮೆರಾ ಬಿಟ್ಟು ಅಪ್ಪನ ಕಡೆಗೇ ನೋಡುತ್ತಿದ್ದಾರೆ, ಅಷ್ಟು ದೊಡ್ಡ ಮನುಷ್ಯರಾಗಿದ್ದರಾ ಎಂದು.

ಉತ್ತರ ಹೇಳೋಣವೆಂದು ಭೂತಗನ್ನಡಿ ಪಕ್ಕಕ್ಕಿಟ್ಟು, ಆ ಫೋಟೋವನ್ನು ಮೊದಲ ಸಲ ಇಡಿಯಾಗಿ ನೋಡಿದೆ. ಎತ್ತರದವನ ಹೆಲ್ಮೆಟ್ ಅವನ ನೆತ್ತಿಯ ಮೇಲೆ ಬಟ್ಟಲಿನ ಹಾಗೆ ಕೂತಿತ್ತು. ಪಟ್ಟಿ ಗದ್ದಕ್ಕೆ ಎಟುಕದೆ ಕಿವಿಯ ಹತ್ತಿರ ನೇತಾಡುತ್ತಿತ್ತು. ಅವನ ಪಕ್ಕದಲ್ಲಿದ್ದ ಗಿಡ್ಡ ಆಳಿನ ಚಕ್ರದ ಹೆಲ್ಮೆಟ್ ಮೂಗಿನವರೆಗೂ ಇಳಿದು, ತೆರೆದ ಬಾಯಿಯೊಂದೇ ಹೊರಗೆ ಕಾಣುತ್ತಿತ್ತು. ಉಳಿದ ಮೂವರು ನೋಡುತ್ತಿದ್ದದ್ದು ಇವರಿಬ್ಬರ ಚೇಷ್ಟೆಯನ್ನು. ಇವರಿಬ್ಬರೂ ತಮ್ಮ ಹೆಲ್ಮೆಟ್ ಅದಲುಬದಲು ಮಾಡಿಕೊಂಡಿದ್ದರು.

ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅಪ್ಪ ಮಗಳಿಬ್ಬರೂ ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಆದರೆ ಅವರು ನನ್ನ ಹತ್ತಿರ ಬಂದದ್ದು ಖುಷಿ ಕೇಳಿಕೊಂಡಲ್ಲ. ಕೂತುಕೊಳ್ಳಿ ಎಂದೆ. ಬಾಗಿಲಲ್ಲಿದ್ದ ಕಾವಲುಗಾರನನ್ನು ಒಳಕ್ಕೆ ಕರೆದೆ. ಅವನ ಗಾತ್ರಕ್ಕೆ ತಕ್ಕ ಹಾಗೆ ನಾವೆಲ್ಲ ಅವನನ್ನು ದೊಡ್ಡಣ್ಣ ಎನ್ನುತ್ತೇವೆ. ಅಂದಿನ ಹೆಲ್ಮೆಟ್ಟುಗಳಲ್ಲೂ ಸಣ್ಣದು ದೊಡ್ಡದು ಅಂತ ಅಳತೆ ಇತ್ತು. ಕಪಾಟಿನಿಂದ ಸಣ್ಣದೊಂದನ್ನು ತೆಗೆದು ಅವನ ತಲೆಯ ಮೇಲೆ ಇಟ್ಟೆ. ಥೇಟ್ ಫೋಟೋದಲ್ಲಿದ್ದ ಹಾಗೆಯೇ ನೆತ್ತಿಯ ಮೇಲೆ ನಿಂತಿತು. ದೊಡ್ಡಣ್ಣ ಕತ್ತು ಅಲ್ಲಾಡಿಸಲು ಹೆದರಿ ಗರಬಡಿದವನಂತೆ ನಿಂತ.

"ಕಮಾನಿನ ಹೆಲ್ಮೆಟ್ ನಿಮ್ಮ ಅಪ್ಪನದೇ. ಆದ್ರೆ ಅದರ ಕೆಳಗಿರೋ ತಲೆ ಅವರದಲ್ಲ," ಎಂದೆ. "ನಿಮ್ಮ ಅಪ್ಪ ಈ ಗಿಡ್ಡ ಆಳು. ನಾನು ಮೊದಲು ಹೇಳಿದ್ದು ತಪ್ಪು, ಇದು ಸರಿ."

ಮಗಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಮುದುಕರ ಬೆರಳು ಎತ್ತರದವನನ್ನು ಬಿಟ್ಟು ಪಕ್ಕಕ್ಕೆ ಸರಿಯಿತು.

"ಇಷ್ಟು ವರ್ಷ ಅಪ್ಪ ಪಕ್ಕದಲ್ಲೇ ನಿಂತಿದ್ರು," ಎಂದರು. "ನಾನು ಅವರ ಸ್ನೇಹಿತನ ಜೊತೆ ಮಾತಾಡ್ತಾ ಇದ್ದೆ."

ಆಮೇಲೆ, ಈಗ ಕಂಪ್ಯೂಟರಿನಲ್ಲಿ ಏನೇನೋ ಮಾಡುತ್ತಾರಂತಲ್ಲ, ಹೆಲ್ಮೆಟ್ ತೆಗೆದು ಕೆಳಗಿನ ಮುಖ ಕಾಣಿಸುವ ಹಾಗೆ ಮಾಡಬಹುದೇ ಎಂದು ಕೇಳಿದರು. ಆಗುವುದಿಲ್ಲ, ಅಲ್ಲಿ ಮೂಡಿಸಿ ಕೊಡುವ ಮುಖ ನಿಮ್ಮಪ್ಪನದಾಗಿರುವುದಿಲ್ಲ ಎಂದೆ. ಐದು ಜನರಲ್ಲಿ ಅವರು ನೋಡಲು ಬಂದ ಮುಖ ಒಂದೇ, ಕಾಣದಿರುವುದೂ ಅದೊಂದೇ.

ಅವರು ಎದ್ದು ಕಪಾಟಿನ ಹತ್ತಿರ ಹೋದರು. ದೊಡ್ಡ ಅಳತೆಯದು ಯಾವುದು ಎಂದು ಕೇಳಿದರು. ತೋರಿಸಿದೆ. ಎರಡೂ ಕೈಯಲ್ಲಿ ಎತ್ತಿ ತಲೆಗೆ ಹಾಕಿಕೊಂಡರು. ಅದು ಜಾರಿ ಮೂಗಿನ ಮೇಲೆ ಬಂದು ನಿಂತಿತು. ದೊಡ್ಡಣ್ಣ ತಡೆಯಲಾಗದೆ ಕಿಸಕ್ಕೆಂದು ನಕ್ಕುಬಿಟ್ಟ. ನಾನು ಗದರುವಷ್ಟರಲ್ಲಿ ಮಗಳಿಗೂ ಅಳುವಿನ ನಡುವೆಯೇ ನಗು ಬಂತು.

"ಇಲ್ಲಿಂದ ಏನೂ ಕಾಣಲ್ಲಮ್ಮ," ಎಂದರು ಮುದುಕರು ಒಳಗಿನಿಂದ. "ಸುತ್ತ ಇರೋರು ನಗೋದು ಮಾತ್ರ ಕೇಳಿಸತ್ತೆ. ಅಪ್ಪಂಗೂ ಇಷ್ಟೇ ಕೇಳಿಸಿರತ್ತೆ."

ಭಾರ ಆಗುತ್ತದೆ, ತೆಗೆಯಿರಿ ಎಂದು ಮಗಳು ಕೈ ಚಾಚಿದಳು. ಅವರು ಹೆಲ್ಮೆಟ್ಟಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಇರು ಮಗಾ," ಎಂದರು. "ಇನ್ನೊಂಚೂರು ನಗಿ ನೀವೆಲ್ಲ."