ಬೇಡವೆಂದ ಅಂಕ

ಕತಾನಿಯಾ ವಿಶ್ವವಿದ್ಯಾಲಯದ ಆ ವಿಭಾಗದಲ್ಲಿ ಮೌಖಿಕ ಪರೀಕ್ಷೆ ಎಲ್ಲರೆದುರೇ ನಡೆಯುತ್ತಿತ್ತು. ಸರದಿಗೆ ಕಾಯುವವರು ಹಿಂದಿನ ಬೆಂಚುಗಳಲ್ಲಿ ಕೂತು ಕೇಳುತ್ತಿದ್ದರು. ಅವರಲ್ಲಿ ಯಾರಿಗೆ ಬೇಸರವಾಯಿತು, ಯಾರು ನಕ್ಕರು ಎಂಬುದು ಇಲೇನಿಯಾಗೆ ತಿರುಗಿ ನೋಡದೆಯೇ ತಿಳಿಯುತ್ತಿತ್ತು. ತಿಳಿಯಿತೆಂದು ಅವಳು ನಂಬುತ್ತಿದ್ದಳು ಎನ್ನುವುದೇ ಸರಿಯೇನೋ.

ಇದು ಅವಳ ಕೊನೆಯ ಪರೀಕ್ಷೆ. ಇವತ್ತು ಮುಗಿದರೆ ಜುಲೈನಲ್ಲಿ ಪದವಿ, ಇಲ್ಲವಾದರೆ ಇಲ್ಲ. ಊರಲ್ಲಿ ಅಮ್ಮ ಪದವಿಯ ದಿನ ಹಂಚಲು ಸಕ್ಕರೆ ಮೆತ್ತಿದ ಕೆಂಪು ಬಾದಾಮಿಗೆ ಆಗಲೇ ಹೇಳಿಟ್ಟಿದ್ದಳು. ಮಗಳು ಇದೇ ವಿಷಯದಲ್ಲಿ ಎರಡು ಸಲ ಪಾಸಾಗಿ, ಎರಡು ಸಲವೂ ಅಂಕ ಬೇಡವೆಂದು ಎದ್ದುಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಹಾಗೆ ಬೇಡವೆಂದು ಮುಂದಿನ ಸಲ ಮತ್ತೆ ಕೂರಲು ಅವಕಾಶವಿತ್ತು. ಹೆಚ್ಚಿನ ಅಂಕದ ಆಸೆಯವರು ಹಾಗೆ ಮಾಡುತ್ತಿದ್ದರು. ಇಲೇನಿಯಾಗೆ ಅಂಥ ಆಸೆಯೇನೂ ಇರಲಿಲ್ಲ.

ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಪ್ರೊಫೆಸರ್ ತ್ರೊವಾತೊ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ನಿಟ್ಟುಸಿರು ಬಿಟ್ಟರು.

"ಮೂವತ್ತಕ್ಕೆ ಇಪ್ಪತ್ತಾರು. ಬರ್ಕೊಳ್ಲಾ?"

ಆ ನಿಟ್ಟುಸಿರು ಅವಳ ಎದೆಯಲ್ಲಿ ಚುಚ್ಚಿಕೊಂಡಿತು. ಪಾಪ ಅಂತ ಕೊಡುತ್ತಿದ್ದಾರೆ. ಹಿಂದೆ ಕೂತವರಿಗೂ ಅದು ಗೊತ್ತಾಗಿದೆ.

"ಹೂಂ ಅನ್ನೇ, ಕತ್ತೆ!" ಎಂದು ಹಿಂದಿನಿಂದ ನೋಯೆಮಿ ಪಿಸುಗುಟ್ಟಿದಳು. ಇಬ್ಬರೂ ಒಂದೇ ಮನೆಯ ಬಾಡಿಗೆ ಕೋಣೆಗಳಲ್ಲಿದ್ದವರು.

"ಬೇಡ ಸರ್."

"ಮತ್ತೆ ಬೇಡ್ವಾ? ಚೆನ್ನಾಗೇ ಹೇಳಿದ್ಯಲ್ಲಮ್ಮ!"

ಅವಳು ತಲೆ ಎತ್ತದೆಯೇ ಎದ್ದಳು. ಅವರು ಪೆನ್ನಿನ ಮುಚ್ಚಳ ಹಾಕಿದರು.

ಸ್ವಲ್ಪ ಹೊತ್ತಿಗೆ ನೋಯೆಮಿಯೂ ಹೊರಬಂದಳು. ಅವಳು ಫೇಲಾಗಿದ್ದಳು. ಮೆಟ್ಟಿಲ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲ ಸರಿಹೋಗುತ್ತದೆ ಎಂದು ಹೇಳಬಾರದು ಎಂದು ಇಲೇನಿಯಾಗೆ ಗೊತ್ತಿತ್ತು. ಪಕ್ಕದಲ್ಲಿ ಕೂತು ನೀರು ಕೊಟ್ಟಳು.

"ನನ್ನ ನೋಡಿ ಹೇಗೆ ನಿಟ್ಟುಸಿರುಬಿಟ್ರು ನೋಡಿದ್ಯಾ?"

"ಬೆಳಿಗ್ಗೆಯಿಂದ ಎಲ್ರಿಗೂ ಬಿಡ್ತಿದಾರೆ ಕಣೇ. ನಿದ್ದೆಗೆಟ್ಟಿದಾರೆ ಅಷ್ಟೆ. ಅದು ನಿನ್ನ ಮೇಲಲ್ಲ."

ನೋಯೆಮಿಯ ಅಳು ನಿಧಾನಕ್ಕೆ ನಿಂತಿತು. ಇಲೇನಿಯಾ ತಾನೇ ಆಡಿದ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡು ನೋಡಿದಳು. ಅದು ನಿಜವೆಂದು ಗೊತ್ತಾಯಿತು. ಆದರೂ ಎದೆಯಲ್ಲಿ ಚುಚ್ಚಿಕೊಂಡದ್ದು ಅಲುಗಲಿಲ್ಲ.

"ನಿನ್ನಷ್ಟು ಗಟ್ಟಿ ಅಲ್ಲ ಕಣೇ ನಾನು," ನೋಯೆಮಿ ಮೂಗು ಒರೆಸಿಕೊಂಡಳು. "ಇಪ್ಪತ್ತಾರು ಬೇಡ ಅನ್ನೋಕೆ ಎಷ್ಟು ಸೊಕ್ಕು ನಿಂಗೆ!"

ಇಲೇನಿಯಾ ನಕ್ಕಳು. ಎಷ್ಟೋ ದಿನಗಳಿಂದ ತಲೆಗೆ ನೀರು ಹಾಕಿಕೊಂಡಿರಲಿಲ್ಲ. ಊಟದ ಹೊತ್ತಿಗೆ ಗೋಡೆಗೆ ಮುಖ ಮಾಡಿ ಮಲಗಿ, ಹೊಟ್ಟೆ ತುಂಬಿದೆ ಎನ್ನುತ್ತಿದ್ದಳು. ನೋಯೆಮಿ ಅದನ್ನೂ ಓದಿನ ಹಟವೆಂದೇ ತಿಳಿದಿದ್ದಳು.

ಅಮ್ಮನ ಫೋನ್ ಬಂತು.

"ಪಾಸಾದ್ಯೇನೇ?"

ಒಂದೇ ಒಂದು 'ಇಲ್ಲ' ಸಾಕಿತ್ತು. ಆದರೆ ಅಮ್ಮ ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿಬಿಟ್ಟಿತು.

"ಹೂಂ ಅಮ್ಮ. ಇಪ್ಪತ್ತಾರು."

"ನನ್ ಬಂಗಾರ! ಮಿಠಾಯಿ ಅಂಗಡೀಲೇ ಇದೀನಿ. ಪೊಟ್ಟಣದ ಮೇಲೆ ಯಾವ ತಾರೀಖು ಹಾಕ್ಸ್ಲಿ?"

ನೋಯೆಮಿ ಅವಳನ್ನೇ ನೋಡುತ್ತಿದ್ದಳು. ಇಲೇನಿಯಾ ಮುಖ ತಿರುಗಿಸಿಕೊಂಡು ಬಾಯಿಗೆ ಬಂದ ಒಂದು ತಾರೀಖು ಹೇಳಿದಳು. ಅತ್ತ ಅಮ್ಮ ಅದನ್ನು ಅಂಗಡಿಯವನಿಗೆ ಕೂಗಿ ಹೇಳಿದಳು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.