ಎಪ್ಪತ್ತು ಕಿಲೋ

"ತೂಗ್ತೀನ್ರಿ, ಮಾರಂಗಿಲ್ಲ" ಎಂದು ಬಸವಕುಮಾರ ನಾಲ್ಕನೆಯ ಸಲ ಹೇಳುವಾಗ ತೆರಿಗೆ ಅಧಿಕಾರಿ ಭಾರ್ಗವ್ ಪೆನ್ನಿನ ಮುಚ್ಚಳ ಹುಡುಕುತ್ತಿದ್ದ. ಮುಚ್ಚಳ ಪೆನ್ನಿನ ಹಿಂಬದಿಗೇ ಸಿಕ್ಕಿಸಿಕೊಂಡಿತ್ತು. ಹೇಳಲು ಬಸವಕುಮಾರನಿಗೆ ಮನಸ್ಸಾಗಲಿಲ್ಲ.

ಮೇಜಿನ ಮೇಲೆ ನೋಟೀಸು ಬಿದ್ದಿತ್ತು. ಸಂಡೂರು ರಸ್ತೆಯಲ್ಲಿ ಬಸವಕುಮಾರನದೊಂದು ಕಾಟಾ, ಲಾರಿ ತೂಗುವ ಜಾಗ. ಕಳೆದ ವರ್ಷ ಅಲ್ಲಿಂದ ಹೊರಬಿದ್ದ ಚೀಟಿಗಳನ್ನೆಲ್ಲ ಯಾರೋ ಕೂಡಿಸಿ, ನಾಲ್ಕು ಲಕ್ಷ ಟನ್ ಅದಿರನ್ನು ಅವನೇ ಮಾರಿದ್ದಾನೆ ಎಂದು ಬರೆದಿದ್ದರು. ಚೀಟಿಯ ನೆತ್ತಿಯ ಮೇಲೆ ಅವನ ಹೆಸರಿತ್ತಲ್ಲ, ಹೆಸರಿದ್ದವನೇ ಮಾರಿದವನು. ಪ್ರತಿ ಲಾರಿಯನ್ನೂ ಖಾಲಿಯಾಗಿ ಒಮ್ಮೆ, ತುಂಬಿಸಿಕೊಂಡು ಒಮ್ಮೆ ತೂಗುತ್ತಾರೆ. ಎರಡನ್ನೂ ಕೂಡಿಸಿದ್ದರು. ಹೀಗಾಗಿ ಲಾರಿಗಳೂ ಅದಿರಾಗಿದ್ದವು. ಎಮ್ಮಿಗನೂರಿನಿಂದ ತೂಗಿಸಲು ಬಂದ ಭತ್ತವೂ ಅದಿರಾಗಿತ್ತು.

"ಭತ್ತ ಅದಿರಲ್ಲ ಅಂತನಾದ್ರೂ ಒಪ್ತೀರೇನು?"

"ಒಪ್ತೀನ್ರಿ ಸಾರ್. ತಪ್ಪಾಗೇತಿ ಅಂತ ನನಗೂ ಗೊತ್ತು. ಆದ್ರ ತಪ್ಪು ಈಗ ಫೈಲಿನ್ಯಾಗ ಕುಂತೈತಿ."

"ಎಬ್ಬಸ್ರಿ ಅದನ್ನ."

"ಕುಂದ್ರಸಾಕಷ್ಟ ನನಗ ಅಧಿಕಾರ. ಎಬ್ಬಸಾಕ ಮ್ಯಾಲಿನ ಆಫೀಸಿಗೆ ಅಪೀಲ್ ಹೋಗ್ಬೇಕ್ರಿ."

ಭಾರ್ಗವ್ ಒಂದು ಫಾರಂ ತಿರುಗಿಸಿ ತೋರಿಸಿದ. ಅದರಲ್ಲಿ ಅಗೆದವನು, ಮಾರಿದವನು, ಕೊಂಡವನು ಎಂದು ಮೂರು ಕಲಂ ಇದ್ದವು.

"ತೂಗಿದವನು ಅಂತ ಎಲ್ಲೈತಿ? ನೀವ ಹುಡುಕ್ರಿ."

ಬಸವಕುಮಾರ ನಿಜವಾಗಿಯೂ ಹುಡುಕಿದ. ಹಾಳೆಯ ಹಿಂದೆಯೂ ನೋಡಿದ. ಇಂಥ ಹುಡುಕಾಟ ಅವನಿಗೆ ಹೊಸದಲ್ಲ. ಕಂಪ್ಲಿಯ ಕಾಲೇಜಿನಲ್ಲಿ ಆರು ವರ್ಷ ಅರೆಕಾಲಿಕನಾಗಿ ಭೌತಶಾಸ್ತ್ರ ಕಲಿಸಿದ್ದ. ಅಲ್ಲಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಎಲ್ಲರ ಕೆಳಗೆ ಪೆನ್ಸಿಲಿನಲ್ಲಿತ್ತು.

"ನಡೀರಿ, ಸೀಲ್ ಮಾಡ್ಬೇಕು" ಎಂದ ಭಾರ್ಗವ್. "ಬಸ್ಸಿಗೆ ಬಂದೀರೇನು? ನಮ್ ಜೀಪಿನ್ಯಾಗ ಬರ್ರಿ ಮತ್ತ."

ತನ್ನ ಬಾಗಿಲಿಗೆ ಬೀಗ ಹಾಕಲು ಹೊರಟವರಿಗೆ ಅವನೇ ದಾರಿ ತೋರಿಸಿದ. "ಎಡಕ್ಕ" ಎಂದ. "ಇನ್ನೊಂಚೂರು ಮುಂದ." ಭಾರ್ಗವ್ ಥ್ಯಾಂಕ್ಸ್ ಹೇಳಿದ.

ದಾರಿಯಲ್ಲಿ ಹೆಂಡತಿ ಶೈಲಜಾಳ ಫೋನು ಬಂತು.

"ಏನಂದ್ರು?"

"ನಾಲ್ಕು ಲಕ್ಷ ಟನ್ ಮಾರೀನಂತ."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ರೀ, ನನಗಾದ್ರೂ ಖರೇ ಹೇಳ್ರಿ. ಮಾರೀರೇನು?"

ದನಿಯಲ್ಲಿ ಹೆದರಿಕೆ ಇರಬೇಕಿತ್ತು. ಅಲ್ಲಿದ್ದದ್ದು ಆಸೆ. ಎದುರುಮನೆಯ ಮನೋಹರ್ ಮೊನ್ನೆಮೊನ್ನೆಯವರೆಗೆ ಪಂಕ್ಚರ್ ಹಾಕುತ್ತಿದ್ದವನು, ಈಗ ಅದಿರಿನ ದುಡ್ಡಿನಲ್ಲಿ ಕೊಂಡ ಮೂರನೆಯ ಕಾರು ನಿಲ್ಲಿಸಲು ಜಾಗವಿಲ್ಲದೆ ಇವರ ಗೇಟಿನ ಮುಂದೆ ನಿಲ್ಲಿಸುತ್ತಿದ್ದ.

"ಇಲ್ಲ" ಎಂದ ಬಸವಕುಮಾರ.

"ಆತು ಬಿಡ್ರಿ. ಊಟಕ್ಕ ಬರ್ತೀರೇನು?"

ಹನ್ನೆರಡು ವರ್ಷದ ಸಂಸಾರದಲ್ಲಿ ಅವಳಿಗೆ ಇಷ್ಟೊಂದು ನಿರಾಸೆಯನ್ನು ಒಂದೇ ಮಾತಿನಲ್ಲಿ ಅವನು ಕೊಟ್ಟಿರಲಿಲ್ಲ.

ಕಾಟಾದ ಮುಂದೆ ಹದಿನೇಳು ಲಾರಿ ನಿಂತಿದ್ದವು. ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಕಬ್ಬಿಣದ ಹಲಗೆ. ಪಕ್ಕದಲ್ಲಿ ಒಂದು ಕೋಣೆ, ಒಳಗೆ ಯಂತ್ರ. ಹೊರಗೋಡೆಯ ಮೇಲೆ ಡ್ರೈವರುಗಳಿಗೆ ಕಾಣುವಂತೆ ದೊಡ್ಡ ಕೆಂಪು ಅಂಕಿಗಳು. ಅವನ ವ್ಯಾಪಾರ ಇಷ್ಟೇ, ಎಲ್ಲದರ ಮೇಲೂ ಅದಿರಿನ ಧೂಳು. ಹಲಗೆಯ ಮೇಲೆ ಉದುರಿದ ಪುಡಿಯ ತೂಕ ಯಾರ ಲೆಕ್ಕಕ್ಕೂ ಸೇರಬಾರದೆಂದು, ಯಂತ್ರ ನೋಡಿಕೊಳ್ಳುವ ಪಾಲಪ್ಪ ದಿನಕ್ಕೆ ಹತ್ತು ಸಲ ಸೊನ್ನೆಯ ಗುಂಡಿ ಒತ್ತುತ್ತಿದ್ದ. ಒತ್ತಿದಾಗ ಹಲಗೆಯ ಮೇಲೆ ಏನಿದೆಯೋ ಅದನ್ನು ಯಂತ್ರ ಇಲ್ಲವೆಂದೇ ತಿಳಿಯುತ್ತದೆ.

ಬಸವಕುಮಾರ ಜೀಪಿನಿಂದ ಇಳಿದವನೇ ಹಲಗೆಯ ನಡುವೆ ಹೋಗಿ ನಿಂತ.

"ಮೊದ್ಲು ನನ್ನನ್ನ ಎತ್ತಿ ಒಗೀರಿ. ಆಮ್ಯಾಲ ಸೀಲ್ ಹಾಕ್ರಿ!"

"ಬಿಡಬ್ಯಾಡ್ರಿ ಮೇಷ್ಟ್ರ!" ಎಂದು ಲಾರಿಯವನೊಬ್ಬ ಕೂಗಿದ. ಉಳಿದವರು ನಕ್ಕರು.

ಭಾರ್ಗವ್‌ಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ನಿಂದ್ರಿ ಸಾರ್, ನಿಮಗೆಂಗ ಅನುಕೂಲನೋ ಹಂಗ. ನಾವು ಸೀಲ್ ಹಾಕೂದು ರೂಮಿನ ಬಾಗ್ಲಕ್ಕ" ಎಂದು ಒಳಗೆ ಹೋದ.

ಬಸವಕುಮಾರ ಇಳಿಯಲಿಲ್ಲ. ಇಳಿದರೆ ಸೋತಂತೆ. ನಿಂತರೂ ಯಾರೂ ಗೆದ್ದಂತಿರಲಿಲ್ಲ. ಕಿಟಕಿಯಿಂದ ಒಳಗಿನ ಮಾತು ಕೇಳುತ್ತಿತ್ತು.

"ಇದ್ಯಾಕ ಎಪ್ಪತ್ತು ತೋರಸ್ತೈತಿ? ಮಹಜರಿನ್ಯಾಗ ಸೊನ್ನಿ ಅಂತ ಬರದಾಗೈತಿ."

"ಸೊನ್ನಿನ ಇರಬೇಕ್ರಿ ಸಾಹೇಬ್ರ" ಎಂದ ಪಾಲಪ್ಪನ ದನಿಯಲ್ಲಿ ಗಾಬರಿಯಿತ್ತು. ಆಮೇಲೆ ಗುಂಡಿಯ ಸದ್ದು. "ಹಾಂ, ಈಗ ಬಂತು ನೋಡ್ರಿ."

ಕೇಳಿಸಿತು, ತಲೆಗೆ ಹೋಗಲಿಲ್ಲ. ಅವನು ಮುಂದೆ ಕೂಗಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದ. ಜೋಡಿಸಿ ಮುಗಿಸುವಷ್ಟರಲ್ಲಿ ಬಾಗಿಲಿಗೆ ಅರಗು ಬಿದ್ದಿತ್ತು.

"ಯಂತ್ರ ಆರಿಸಿಲ್ಲ" ಎಂದ ಭಾರ್ಗವ್, ಜೀಪು ಹತ್ತುತ್ತ. "ನಾಲ್ಕು ಗಂಟಿಗೆ ದೊಡ್ಡ ಸಾಹೇಬ್ರು ನೋಡಾಕ ಬರ್ತಾರ. ಮಹಜರಿನ್ಯಾಗ ಇದ್ದಂಗ ಇದ್ರ ಎಂಟು ದಿನಕ್ಕ ನಿಮ್ಮ ಕಾಟಾ ನಿಮಗ. ಒಂದು ಅಂಕಿ ಹೆಚ್ಚುಕಮ್ಮಿ ಆತಂದ್ರ ಸೀಲ್ ಮುಟ್ಟೀರಿ ಅಂತ ಲೈಸೆನ್ಸ್ ರದ್ದು. ನಾನೂ ಏನೂ ಮಾಡಾಕ ಬರಂಗಿಲ್ಲ."

ಎಂಟು ದಿನವನ್ನು ಹೇಗೋ ಕಳೆಯಬಹುದು. ಲೈಸೆನ್ಸ್ ಹೋದರೆ ಮತ್ತೆ ಪೆನ್ಸಿಲಿನ ಹೆಸರು, ಅದೂ ಯಾರಾದರೂ ಬರೆದರೆ.

ಲಾರಿಗಳು ಒಂದೊಂದಾಗಿ ಬೇರೆ ಕಾಟಾ ಹುಡುಕಿಕೊಂಡು ಹೊರಟವು. ಕೊನೆಯದು ಹೋದ ಮೇಲೆ ಅವನು ಹಲಗೆಯಿಂದ ಇಳಿದ.

"ಮೇಷ್ಟ್ರ" ಎಂದ ಪಾಲಪ್ಪ. ಬೆರಳು ಗೋಡೆಯ ಕಡೆಗಿತ್ತು.

ಕೆಂಪು ಅಂಕಿಯ ಎಡಕ್ಕೆ ಒಂದು ಅಡ್ಡಗೆರೆ. ಮೈನಸ್ ಎಪ್ಪತ್ತು.

ಬಸವಕುಮಾರ ಹತ್ತಿದ. ಸೊನ್ನೆ. ಇಳಿದ. ಮೈನಸ್ ಎಪ್ಪತ್ತು. ಇಪ್ಪತ್ತೈದು ವಿದ್ಯಾರ್ಥಿಗಳ ಎದುರು ಇದನ್ನೇ ಒಂದು ಪ್ರಯೋಗವಾಗಿ ತೋರಿಸಬಹುದಿತ್ತು.

"ಎಂಥಾ ಕೆಲಸ ಮಾಡಿದ್ಯೋ ಮುಠ್ಠಾಳ! ನಾನು ನಿಂತದ್ದು ಕಾಣಲಿಲ್ಲೇನು?"

"ಕಂಡಿತ್ರಿ, ಆದ್ರ ದಿನಾ ಒತ್ತಿ ಒತ್ತಿ ಕೈ ತಾನಾಗೇ ಹೋತ್ರಿ."

ಭಾರ್ಗವ್‌ಗೆ ಬಸವಕುಮಾರ ಫೋನು ಮಾಡಿದ. ಸ್ವಿಚ್ ಆಫ್. ಬೀಗದ ಅರಗು ಇನ್ನೂ ಮೆತ್ತಗಿತ್ತು. ಮುಟ್ಟಲು ಹೋಗಿ ಕೈ ಹಿಂದೆಗೆದುಕೊಂಡ. ಫ್ಯೂಸ್ ಕಿತ್ತರೂ ಮುಟ್ಟಿದಂತೆಯೇ. ಮತ್ತೆ ಹಲಗೆ ಹತ್ತಿ ನಿಂತ. ಗಂಟೆ ಮೂರೂಕಾಲು. ಕಬ್ಬಿಣ ಚಪ್ಪಲಿಯೊಳಗಿಂದ ಸುಡುತ್ತಿತ್ತು. ಅವನು ನಿಂತರೆ ಸೊನ್ನೆ, ಎಲ್ಲ ಸರಿಯಾಗಿದೆ, ಯಾರದೂ ತಪ್ಪಿಲ್ಲ.

"ಸಾಹೇಬ್ರು ಬಂದು ಇಳೀರಿ ಅಂದ್ರ?" ಎಂದ ಪಾಲಪ್ಪ.

ಬಸವಕುಮಾರ ರಸ್ತೆಯ ತಿರುವಿನ ಕಡೆ ನೋಡಿದ.

"ನಿಮ್ಮಷ್ಟ ತೂಕದ್ದು ಏನರ ಇಟ್ಟುಬಿಟ್ರ ಆತಲ್ರಿ."

ಸುತ್ತ ನೋಡಿದರು. ಅಲ್ಲಿ ಇದ್ದದ್ದು ಒಂದೇ ವಸ್ತು. ವರ್ಷಗಟ್ಟಲೆ ಲಾರಿಗಳಿಂದ ಉದುರಿ ರಸ್ತೆಯಂಚಿಗೆ ಕೆಂಪಗೆ ಗುಡ್ಡೆಬಿದ್ದಿತ್ತು. ಬಸವಕುಮಾರ ಬೇಡವೆನ್ನುವ ಮೊದಲೇ ಪಾಲಪ್ಪ ಒಂದು ಗೋಣಿಚೀಲವನ್ನು ಅವನ ಪಕ್ಕದಲ್ಲಿ ನಿಲ್ಲಿಸಿ, ಹಲಗೆಯ ಹೊರಗೆ ನಿಂತು ಸಲಿಕೆಯಿಂದ ಅದಿರು ತುಂಬತೊಡಗಿದ. ಅಂಕಿ ಸೊನ್ನೆಯಿಂದ ಎದ್ದಿತು. ಇಪ್ಪತ್ತು. ನಲವತ್ತು. ಅರವತ್ತು.

"ಸಾಹೇಬ್ರು ಬರೂದ್ರಾಗ ನಾನು ಅದಿರು ಇಟ್ಕೊಂಡು ನಿಂತಿರ್ಬೇಕೇನೋ?"

"ನೀವು ನಿಂದ್ರಂಗಿಲ್ರಿ. ಅದು ಒಂದ ಇರ್ತೈತಿ."

ಎಪ್ಪತ್ತು. ಪಾಲಪ್ಪ ಸಲಿಕೆ ಕೆಳಗಿಟ್ಟು ಬೆವರು ಒರೆಸಿಕೊಂಡ. ಅವನ ಮುಖದಲ್ಲಿ ಸಂತೋಷವಿತ್ತು.

ಈಗ ಒಬ್ಬರು ಇಳಿಯಬೇಕು. ಚೀಲ ಇಳಿದರೆ ಸೊನ್ನೆ, ಆದರೆ ಅವನು ಅಲ್ಲಾಡುವಂತಿಲ್ಲ. ಅವನು ಇಳಿದರೂ ಸೊನ್ನೆ. ಆಗ ಉಳಿಯುವ ಅದಿರು ನಾಲ್ಕು ಲಕ್ಷ ಟನ್ನಿಗೆ ಕೊನೆಗೂ ಒಂದು ಸಾಕ್ಷಿ, ಅವನ ಸ್ವಂತ ಹಲಗೆಯ ಮೇಲೆ. ಯಂತ್ರಕ್ಕೆ ಎರಡೂ ಒಂದೇ.

ತಿರುವಿನಲ್ಲಿ ಧೂಳೆದ್ದಿತು. ಎರಡು ಜೀಪು.

"ಮೇಷ್ಟ್ರ, ಜಲ್ದಿ ಹೇಳ್ರಿ. ಇದನ್ನ ಎಳೀಲೋ, ನೀವು ಇಳೀತೀರೋ?"

ಬಸವಕುಮಾರ ಚೀಲವನ್ನು ನೋಡಿದ. ಅವನ ಮೊಣಕಾಲಿನಷ್ಟೂ ಎತ್ತರವಿಲ್ಲದ್ದು, ಬಾಯಿ ತೆರೆದುಕೊಂಡು, ಯಾರಿಗೂ ಏನೂ ವಿವರಿಸದೆ ಕೂತಿತ್ತು. ಬಿಸಿಲಿಗೆ ಮಿನುಗುತ್ತಿತ್ತು. ಅವನ ಕಾಲುಗಳು ಧೂಳಿನಿಂದ ಅದೇ ಬಣ್ಣಕ್ಕೆ ತಿರುಗಿದ್ದವು.

ಜೀಪುಗಳು ನಿಂತವು. ಬಾಗಿಲು ತೆರೆದ ಸದ್ದಾಯಿತು. ಗೋಡೆಯ ಮೇಲೆ ಎಪ್ಪತ್ತು ಉರಿಯುತ್ತಲೇ ಇತ್ತು.