ಹಲ್ಲು ಡಾಕ್ಟರ ತಂಪು ಪ್ಲಗ್ಗು

ಹಲ್ಲು ಡಾಕ್ಟರು ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಆಯುಷ್ಯವೆಲ್ಲ ಅನ್ಯರ ದಂತಪಂಕ್ತಿಯನ್ನೇ ಅವಲೋಕಿಸುತ್ತ ಬಂದ ಆ ದೃಷ್ಟಿ, ನಿವೃತ್ತಿಯ ನಂತರ ಹೊಸ ಬಾಯಿಯೊಂದನ್ನು ಹುಡುಕಿಕೊಂಡಿತು: ಮಾವನವರು ಬಿಟ್ಟುಹೋದ ಹಳೆಯ ಕಾರಿನ ಇಂಜಿನ್ನು. "ಸ್ವಲ್ಪ ಆ ಅನ್ನಿ" ಎನ್ನುತ್ತಲೇ ಬಾನೆಟ್ಟು ಎತ್ತಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಕರವಸ್ತ್ರದ ಮೇಲೆ ಸಾಲಾಗಿ ಮಲಗಿಸಿ, ತಮ್ಮ ವೃತ್ತಿಯ ಪುಟ್ಟ ಕನ್ನಡಿ ಹಿಡಿದು ಕೂತರೆಂದರೆ, ಪಕ್ಕದ ಕಾಫಿ ಆರಿ ತಣ್ಣಗಾದದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಅವರ ಬಿಳಿಯ ಕೋಟು ಆ ಹೊತ್ತಿಗಾಗಲೇ ಬಿಳಿಯೆಂಬ ಹೆಸರಿಗೆ ಎರವಾಗಿತ್ತು.

ಪ್ಲಗ್ಗಿನ ತುದಿ ಹಾಲು ಮುಂದಾದ ಕಾಫಿಯ ಬಣ್ಣಕ್ಕಿದ್ದರೆ ಇಂಜಿನ್ನು ಕ್ಷೇಮ. ಸುಣ್ಣದಂತೆ ಬಿಳಿಚಿಕೊಂಡರೆ ಒಳಗೆ ಕಾವು ಹೆಚ್ಚು. ಒಣಮಸಿ ಕಟ್ಟಿದರೆ ಉರಿ ಸಾಲದು. ಈ ಪಾಠ ಕೇಳದೆ ಆ ಮನೆಯ ಗೇಟು ದಾಟಿದವರಿಲ್ಲ. ಪಕ್ಕದ ಮನೆಯ ನನಗಂತೂ ಅದು ಬಾಯಿಪಾಠವಾಗಿದೆ.

ಒಮ್ಮೆ ಮಾಮೂಲು ಪ್ಲಗ್ಗು ಸಿಗದೆ ಬೇರೆ ಕಂಪನಿಯದನ್ನು, ಅದರ ಮೇಲೆ ಕಾವಿನ ಗುರುತಾಗಿ ಅಚ್ಚಾದ ಅಂಕಿ ನೋಡಿ ಅಳೆದು ಸುರಿದು ಆರಿಸಿ ತಂದರು. ಅಂದಿನಿಂದ ಕಾರು ಕೆಮ್ಮತೊಡಗಿತು. ಆಸ್ಪತ್ರೆ ರಸ್ತೆಯ ಏರಿನಲ್ಲಿ ಎರಡು ಸಲ ನಿಂತೇಬಿಟ್ಟಿತು. ಬಿಚ್ಚಿ ನೋಡಿದರೆ ಕಾಡಿಗೆಯಂಥ ಮಸಿ. ಡಾಕ್ಟರು ಕಾರ್ಬ್ಯುರೇಟರನ್ನು ಬೈದರು, ಪೆಟ್ರೋಲನ್ನು ಬೈದರು. ತಾವು ಆರಿಸಿದ ಪ್ಲಗ್ಗಿನ ತಂಟೆಗೆ ಮಾತ್ರ ಹೋಗಲಿಲ್ಲ. ಕುಣಿಯಲಾರದವರಿಗೆ ನೆಲ ಡೊಂಕು.

ಮೂರನೆಯ ಸಲ ನಿಂತಾಗ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಹಿಂದೆ ಹಾರ್ನುಗಳ ಆರ್ಭಟ. ಆ ಕಾರಿನಲ್ಲೇ ಅಪ್ಪನ ಪಕ್ಕ ಕೂತು ಡ್ರೈವಿಂಗ್ ಕಲಿತಿದ್ದ ಡಾಕ್ಟರ ಹೆಂಡತಿ ಕೆಳಗಿಳಿದರು.

"ಸಾಕು ರೀ, ಮಾರಿಬಿಡೋಣ. ಅಪ್ಪನ ಕಾರು ಹೀಗೆ ಬೀದೀಲಿ ಮಾನ ಕಳ್ಕೊಳ್ಳೋದು ನನ್ ಕೈಲಿ ನೋಡೋಕಾಗಲ್ಲ."

ಡಾಕ್ಟರ ಮುಖ ಬಾಡಿತು. ಆಕೆ ಕಣ್ಣೊರೆಸಿಕೊಂಡು ಬಾನೆಟ್ಟು ಸವರಿದರು. "ಪಾಪ, ಚಳಿ ಹಿಡಿದವರ ಹಾಗೆ ಕೆಮ್ಮುತ್ತೆ."

"ಏನಂದೆ?"

"ಚಳಿ ಅಂದೆ. ಯಾಕೆ?"

ಡಾಕ್ಟರು ಅಲ್ಲೇ ನಡುರಸ್ತೆಯಲ್ಲಿ ಹಣೆ ಚಚ್ಚಿಕೊಂಡರು. ಒಂದು ಕಂಪನಿಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ಗು ಬಿಸಿ, ಇನ್ನೊಂದರಲ್ಲಿ ಅಂಕಿ ಏರಿದಷ್ಟೂ ತಂಪು. ಹಳೆಯ ಕಂಪನಿಯ ಲೆಕ್ಕದಲ್ಲಿ ಹೊಸದರ ಅಂಕಿ ಓದಿ, ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಷ್ಟೂ ಕಾವಿಲ್ಲದ ಪ್ಲಗ್ಗನ್ನು ಆ ವೃದ್ಧ ಇಂಜಿನ್ನಿನ ಬಾಯಿಗೆ ತುರುಕಿದ್ದರು.

"ಎದುರು ಕೂತವರ ಎಡ ನಮಗೆ ಬಲ ಅನ್ನೋದನ್ನೇ ಮರ್ತೆ ಕಣೇ! ಒಳ್ಳೇ ಹಲ್ಲೇ ಕಿತ್ತಿದೀನಿ!"

ಹೇಳಿ ನಕ್ಕರು ನೋಡಿ, ಹಾರ್ನು ಹೊಡೆಯುತ್ತಿದ್ದವರೂ ಕೈ ತೆಗೆದರು. ಆಕೆಗೂ ನಗು ತಡೆಯಲಾಗಲಿಲ್ಲ.

ಬಿಸಿ ಪ್ಲಗ್ಗು ಬಂದ ಮೇಲೆ ಅದೇ ಏರನ್ನು ಆಕೆಯೇ ಹತ್ತಿಸಿದರು. ಮಾರುವ ಮಾತು ಮತ್ತೆ ಬರಲಿಲ್ಲ. ಡಾಕ್ಟರು ಮಾತ್ರ ಮಸಿ ಹಿಡಿದ ತಂಪು ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಂಡು, ಸಿಕ್ಕವರಿಗೆಲ್ಲ ತಮ್ಮ ಪ್ರಮಾದವನ್ನು ಮೆಡಲಿನಂತೆ ತೋರಿಸಿದರು. ತಮ್ಮ ಜಾಣತನಕ್ಕೆ ಹಿಗ್ಗುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ತಮ್ಮ ತಪ್ಪು ಸಿಕ್ಕಿತೆಂದು ಸಂಭ್ರಮಿಸುವ ಜೀವಗಳು ಅಪರೂಪ. ಅಂಥವರ ಜೊತೆ ಹೊರಟವರು ದಾರಿಯಲ್ಲಿ ಎಷ್ಟು ಸಲ ನಿಂತರೂ ಇಳಿದುಹೋಗುವುದಿಲ್ಲ.